ಕಾಳು ಆರಿಸುವ ಕೈ ನಿಂತಾಗ

ನಾನು ಸ್ಪೀಚ್ ಥೆರಪಿಸ್ಟ್. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ, ಸದ್ದನ್ನು ನೇರ ನರಕ್ಕೆ ಕೊಡುವ ಸಾಧನ) ಆದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಹತ್ತು ಪದ ಹೇಳಿದರೆ ಮಗು ಎಷ್ಟು ಸರಿಯಾಗಿ ತಿರುಗಿ ಹೇಳುತ್ತದೆ ಅನ್ನೋದನ್ನೇ ಬಹಳ ದಿನ ನೋಡುತ್ತಿದ್ದೆ.

ಏಳು ವರ್ಷದ ಒಬ್ಬಳು ಹತ್ತಕ್ಕೆ ಹತ್ತೂ ಹೇಳುತ್ತಿದ್ದಳು. ಆದರೆ ಅವಳ ಅಮ್ಮನ ಚಿಂತೆಯೇ ಬೇರೆ. "ಸ್ಕೂಲಿಂದ ಬಂದ ಕೂಡ್ಲೇ ಕಾಯಿಲ್ ಕಿತ್ತು ಇಡ್ತಾಳೆ ಮೇಡಂ. ಹೋಂವರ್ಕ್ ಅಂದ್ರೆ ಅಳ್ತಾಳೆ. ಹಟ ಜಾಸ್ತಿ ಆಗಿದೆ." ಕಾಯಿಲ್ ಅಂದರೆ ತಲೆಗೆ ಅಂಟಿಕೊಂಡಿರುವ ಮೆಷಿನ್ನಿನ ಹೊರಭಾಗ, ಅದು ತೆಗೆದರೆ ಇಂಪ್ಲಾಂಟ್ ಕೆಲಸ ಮಾಡದು. ಮ್ಯಾಪಿಂಗ್, ಅಂದರೆ ಮೆಷಿನ್ನಿನ ಸೆಟ್ಟಿಂಗ್, ನೋಡಿಸಿದೆವು, ಸರಿಯಾಗೇ ಇತ್ತು. ಮಾತು ಕೇಳಿಸುತ್ತಿದೆಯೇ ಅಂತ ನೋಡೋಕೆ ಹೇಳುವ ಆ, ಈ, ಊ, ಮ್, ಶ್, ಸ್ ಆರೂ ಸದ್ದು ಅವಳಿಗೆ ಕೇಳುತ್ತಿದ್ದವು. ನಾನೂ ಹಟ ಅಂತಲೇ ಅಂದುಕೊಂಡೆ.

ಒಂದು ದಿನ ತಟ್ಟೆಯಲ್ಲಿ ಅವರೆಕಾಳು, ಕಡಲೆಕಾಳು ಬೆರೆಸಿ ಅವಳ ಮುಂದಿಟ್ಟೆ. ಕಾಳು ಬೇರೆ ಮಾಡ್ತಾ ಮಾಡ್ತಾ ನಾನು ಹೇಳೋ ವಾಕ್ಯ ತಿರುಗಿ ಹೇಳು ಅಂದೆ. ಸದ್ದಿಲ್ಲದ ಕೋಣೆಯಲ್ಲಿ ಕೈ ಚಕಚಕ ಓಡಿತು. ಆಮೇಲೆ ಫ್ಯಾನ್ ಹಾಕಿದೆ. ಫೋನಿನಲ್ಲಿ ತರಗತಿಯ ಗಲಾಟೆ ಹಚ್ಚಿದೆ. ವಾಕ್ಯ ಆಗಲೂ ತಪ್ಪಲಿಲ್ಲ. ಆದರೆ ನಾನು ಬಾಯಿ ತೆರೆದ ಕೂಡಲೇ ಕೈ ನಿಂತುಬಿಡುತ್ತಿತ್ತು. ಒಂದು ಕಡಲೆಕಾಳು ಎರಡು ಬೆರಳ ನಡುವೆ ಹಾಗೇ. ಕಣ್ಣು ನನ್ನ ತುಟಿ ಮೇಲೆ. ವಾಕ್ಯ ಹೇಳಿ ಮುಗಿಸಿದ ಮೇಲಷ್ಟೇ ಆ ಕಾಳು ಬಟ್ಟಲಿಗೆ ಬೀಳುತ್ತಿತ್ತು.

ಇದು ಯಾವ ಅಧಿಕೃತ ಪರೀಕ್ಷೆಯೂ ಅಲ್ಲ. ಆದರೆ ಸ್ಕೋರು ಹೇಳದೇ ಇದ್ದದ್ದು ನನಗೆ ಕಂಡಿದ್ದು ಅಲ್ಲಿ.

ಸಹಜ ಕಿವಿಯ ಕಾಕ್ಲಿಯಾದಲ್ಲಿ (ಒಳಕಿವಿಯ ಸುರುಳಿಯಲ್ಲಿ) ಸದ್ದನ್ನು ನರಕ್ಕೆ ದಾಟಿಸುವ ಒಳಸಾಲಿನ ಕೂದಲು ಕೋಶಗಳು ಸುಮಾರು 3500. ಇವಳ ಕಿವಿಯಲ್ಲಿ ಆ ಕೆಲಸಕ್ಕೆ ಇರೋದು 22 ಎಲೆಕ್ಟ್ರೋಡ್. ಅರೆಬರೆ ಬಂದ ಸದ್ದನ್ನು ಜೋಡಿಸಿ ಮಾತು ಮಾಡಿಕೊಳ್ಳಬೇಕು. ತಲೆಯೆಲ್ಲ ಅದಕ್ಕೇ ಖರ್ಚಾದರೆ ಟೀಚರ್ ಹೇಳಿದ್ದು ನೆನಪಿಡೋಕೆ, ಬಾಯಿಲೆಕ್ಕ ಮಾಡೋಕೆ ಏನು ಉಳಿಯುತ್ತೆ? ದಿನಕ್ಕೆ ಐದಾರು ಗಂಟೆ ಹೀಗೇ ಕೂತ ಮಗು ಸಂಜೆ ಅಳದೆ ಇನ್ನೇನು ಮಾಡೀತು?

ಟೀಚರ್ ಕೊರಳಿಗೆ ಅವರ ಮಾತನ್ನು ನೇರ ಇವಳ ಮೆಷಿನ್ನಿಗೆ ಕಳಿಸುವ ರಿಮೋಟ್ ಮೈಕ್ ಹಾಕಿಸಿದೆವು, ಬಾಯಿಂದ ಒಂದು ಗೇಣು ಕೆಳಗೆ. ಬೀದಿ ಕಡೆಯ ಕಿಟಕಿ ಬಿಟ್ಟು ಮುಂದಿನ ಬೆಂಚಿಗೆ ಕೂರಿಸಿದರು. ಮನೆಯಲ್ಲಿ ಒಂದೇ ನಿಯಮ. ಸ್ಕೂಲಿಂದ ಬಂದ ಮೇಲೆ ಅರ್ಧ ಗಂಟೆ ಯಾರೂ ಏನೂ ಕೇಳಬಾರದು. ಮೆಷಿನ್ ತಲೆಯ ಮೇಲೇ ಇರಲಿ, ಟಿವಿ ಬೇಡ. ಸುಮ್ನೆ ಚಿತ್ರ ಬರೆಯಲಿ, ತಿಂಡಿ ತಿನ್ನಲಿ.

ಮೂರನೇ ವಾರ ಅವಳಮ್ಮ ಹೇಳಿದರು, "ಈಗ ಕಾಯಿಲ್ ತೆಗೆಯೋದು ಮಲಗುವಾಗಲೇ."

ನನ್ನ ಫೈಲಿನಲ್ಲಿ ಈಗ ಸ್ಕೋರಿನ ಪಕ್ಕ ಇನ್ನೊಂದು ಕಲಂ ಇದೆ: ಕೈ ಎಷ್ಟು ಸಲ ನಿಂತಿತು.