ನಕ್ಷೆ ದಾಟಿ ಹೋದ ಚಂಡಮಾರುತ

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರಿನಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಬಹಳ ದೂರ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಮೊಬೈಲಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಇಂಥ ಮಕ್ಕಳಿಗೆ ಚಂಡಮಾರುತದ ಪಾಠ ಮಾಡುವಾಗ ಪುಸ್ತಕದ ಚಿತ್ರ, ಅದರ ಬಾಣದ ಗುರುತು, ನಡುವಿನ ಕಣ್ಣು, ಇಷ್ಟನ್ನೇ ಹೇಳಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಅದು ಸಾಕು. ಮನಸ್ಸಿಗೆ ಇಳಿಯಲು ಸಾಲದು.

2021ರಲ್ಲಿ ಬೇರೆ ರೀತಿ ಮಾಡಿದೆ. ಕೊರೊನಾ ಕಾಲದ ರಜೆ ಮುಗಿದು ಶಾಲೆ ತೆರೆದು ತಿಂಗಳಾಗಿತ್ತು. ಒಂದೂವರೆ ವರ್ಷ ಮನೆಯಲ್ಲಿ ಕೂತ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕಿತ್ತು. ಸೆಪ್ಟೆಂಬರ್ 25ರ ಶನಿವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಬಲವಾಗುತ್ತಿದೆ ಎಂಬ ಸುದ್ದಿ ಬಂತು. ಎರಡು ಡ್ರಾಯಿಂಗ್ ಶೀಟ್ ಅಂಟಿಸಿ ಭಾರತದ ನಕ್ಷೆ ಬರೆಸಿದೆ. ಅಕ್ಷಾಂಶ, ರೇಖಾಂಶದ ಗೆರೆಗಳನ್ನು ಮಕ್ಕಳೇ ಎಳೆದರು. ಹವಾಮಾನ ಇಲಾಖೆಯ ಪ್ರಕಟಣೆ ದಿನಕ್ಕೆ ಹಲವು ಸಲ ಬರುತ್ತದೆ. ಅದರಲ್ಲಿ ಬಿರುಗಾಳಿಯ ನಡುಭಾಗ ಎಲ್ಲಿದೆ ಎಂದು ಡಿಗ್ರಿಯಲ್ಲಿ ಬರೆದಿರುತ್ತಾರೆ. ಅದನ್ನು ಓದಿ ಹೇಳುವುದು ನನ್ನ ಕೆಲಸ. ಜಾಗ ಹುಡುಕಿ ಟಿಕಳಿ, ಅಂದರೆ ಹಣೆಗೆ ಹಚ್ಚುವ ಬೊಟ್ಟು, ಅಂಟಿಸುವುದು ಅವರ ಕೆಲಸ. ವಾಯುಭಾರ ಕುಸಿತಕ್ಕೆ ಹಳದಿ ಟಿಕಳಿ, ಚಂಡಮಾರುತಕ್ಕೆ ಕೆಂಪು. ಟಿಕಳಿ ಹುಡುಗಿಯರೇ ಮನೆಯಿಂದ ತಂದರು.

ಶನಿವಾರ ಸಂಜೆಯೇ ಅದು ಚಂಡಮಾರುತವಾಯಿತು. ಹೆಸರು ಗುಲಾಬ್, ಪಾಕಿಸ್ತಾನ ಸೂಚಿಸಿದ್ದ ಹೆಸರು. ಭಾನುವಾರ ಸಂಜೆ ಆಂಧ್ರದ ಕಳಿಂಗಪಟ್ಟಣದ ಹತ್ತಿರ ದಡ ಹತ್ತಿತು. ಸೋಮವಾರ ಟಿಕಳಿ ಅಂಟಿಸುವಾಗ ಒಬ್ಬ ಹುಡುಗಿ ಸ್ಕೇಲ್ ಇಟ್ಟು ನೋಡಿದಳು. "ಸರ್, ಇದು ನಮ್ ಗೆರಿ ಮ್ಯಾಲೇ ಬರಾಕತ್ತದರಿ" ಎಂದಳು. ನಿಜ. ಭಾಲ್ಕಿ ಇರುವುದು 18 ಡಿಗ್ರಿ ಉತ್ತರದ ಗೆರೆಯ ಆಸುಪಾಸಿನಲ್ಲಿ. ಕಳಿಂಗಪಟ್ಟಣವೂ ಹೆಚ್ಚುಕಡಿಮೆ ಅಲ್ಲೇ. ಅಲ್ಲಿಯವರೆಗೆ ಯಾರದೋ ಊರಿನ ಸುದ್ದಿಯಾಗಿದ್ದದ್ದು ಆ ಕ್ಷಣದಿಂದ ನಮ್ಮದಾಯಿತು.

ಹಸ್ತ ಮಳೆ ಹಿಡಿಯುವ ಹೊತ್ತು ಅದು. ಹೊಲದಲ್ಲಿ ಸೋಯಾ ಕಟಾವಿಗೆ ಬಂದಿತ್ತು. ತೆಲಂಗಾಣ ದಾಟಿ ಬಂದ ಆ ಮೋಡ ನಮ್ಮ ಕಡೆಗೂ, ಪಕ್ಕದ ಮರಾಠವಾಡಕ್ಕೂ ಸುರಿಯಿತು. ಮಹಾರಾಷ್ಟ್ರದಲ್ಲಿ ಮಾಂಜ್ರಾ ಅಣೆಕಟ್ಟೆಯ ಗೇಟು ತೆರೆದರು, ಇತ್ತ ನದಿ ತುಂಬಿತು. ಕೆಲವರು ಸೋಯಾ ಕೊಯ್ದು ಬಣವೆ ಹಾಕಿದ್ದರು, ರಾಶಿ ಆಗಿರಲಿಲ್ಲ. ಒದ್ದೆಯಾದ ಕಾಯಿಯಲ್ಲೇ ಮೊಳಕೆ ಬಂತು. ಮೊಳಕೆ ಬಂದ ಕಾಯಿಯನ್ನು ಮಕ್ಕಳು ಕ್ಲಾಸಿಗೇ ತಂದು ನನ್ನ ಮೇಜಿನ ಮೇಲಿಟ್ಟರು. ಅದನ್ನು ನೋಡಿ ಮುಂದೆ ಪಾಠ ಮಾಡಲು ನನಗೆ ಕಷ್ಟವಾಯಿತು.

28ರ ಹೊತ್ತಿಗೆ ಅದು ಸೊರಗಿ ಬರೀ ಕಡಿಮೆ ಒತ್ತಡದ ಪ್ರದೇಶ ಆಯಿತು. ಪಾಠ ಮುಗಿಯಿತು ಎಂದುಕೊಂಡು ನಕ್ಷೆ ಸುತ್ತಿ ಬೀರುವಿನ ಮೇಲಿಟ್ಟೆ. ನಾನು ಮಾಡಿದ ತಪ್ಪು ಇದೇ. ಹಿಂದಿನ ವರ್ಷ, 2020ರ ಅಕ್ಟೋಬರಿನಲ್ಲಿ, ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ನಮ್ಮ ಭಾಗದ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಇಳಿದಿತ್ತು. ಆಗ ಭೀಮೆ ಉಕ್ಕಿ ಅಫಜಲಪುರದ ಸೊನ್ನ ಬ್ಯಾರೇಜಿನಿಂದ 8 ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟಿದ್ದರು. ಆದರೆ ಸಮುದ್ರ ಸೇರಿದ ಮೇಲೆ ಅದು ಚಂಡಮಾರುತವಾಗುವಷ್ಟು ಬಲ ಪಡೆಯಲಿಲ್ಲ, ಅಲ್ಲೇ ಕರಗಿತು. ಇದೂ ಹಾಗೇ ಆಗುತ್ತದೆ ಎಂದು ನಂಬಿದ್ದೆ.

ಗುರುವಾರ ಒಬ್ಬ ಹುಡುಗ ಓಡಿಬಂದ. "ಸರ್, ಗುಲಾಬ್ ಸತ್ತಿಲ್ರಿ. ಕಛ್ ಕಡಿ ಮತ್ತ ಎದ್ದದಂತ." ಅವನ ಕಾಕಾ ಒಮಾನಿನ ಸುವೈಕ್ ಊರಿನ ಹತ್ತಿರ ಡ್ರೈವರ್. ಅಲ್ಲಿನವರಿಗೆ ಆಗಲೇ ಎಚ್ಚರಿಕೆ ಮುಟ್ಟಿತ್ತು. ನಕ್ಷೆ ಬಿಚ್ಚಿದರೆ ನಮ್ಮ ಶೀಟು ಗುಜರಾತಿಗೇ ಮುಗಿದಿತ್ತು. ಎಡಕ್ಕೆ ಇನ್ನೊಂದು ಶೀಟು ಅಂಟಿಸಿ ಒಮಾನಿನ ತೀರ, ಇರಾನಿನ ತೀರ ಬರೆದೆವು.

ಅಂದು ಮಾಡಿದ ಪಾಠ ನನಗೆ ಈಗಲೂ ನೆನಪಿದೆ, ಯಾಕೆಂದರೆ ಪ್ರಶ್ನೆಗಳನ್ನು ಮಕ್ಕಳೇ ಕೇಳಿದರು. ಸತ್ತದ್ದು ಹೇಗೆ ಎದ್ದಿತು? ಚಂಡಮಾರುತದ ಊಟ ಸಮುದ್ರದ ಆವಿ. ನೀರಿನ ಮೇಲ್ಭಾಗ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ಆ ಬಿಸಿ 50 ಮೀಟರಿನಷ್ಟು ಆಳದವರೆಗೂ ಇರಬೇಕು, ಇಲ್ಲದಿದ್ದರೆ ಗಾಳಿ ಕಡೆದಾಗ ಕೆಳಗಿನ ತಣ್ಣೀರು ಮೇಲೆ ಬಂದುಬಿಡುತ್ತದೆ. ಮೇಲೇರಿದ ಆವಿ ತಣಿದು ಹನಿಯಾಗುವಾಗ ಬಿಡುವ ಶಾಖವೇ ಇಡೀ ಯಂತ್ರವನ್ನು ತಿರುಗಿಸುತ್ತದೆ. ನೆಲದ ಮೇಲೆ ಆ ಊಟ ಸಿಗುವುದಿಲ್ಲ, ಸೊರಗುತ್ತದೆ. ಆದರೆ ಸುಳಿ ಪೂರ್ತಿ ಬಿಚ್ಚಿಹೋಗದೆ ಉಳಿದಿದ್ದರೆ, ಬಿಸಿ ನೀರು ಸಿಕ್ಕಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಅಕ್ಟೋಬರ್ 1ಕ್ಕೆ ಅದು ಮತ್ತೆ ಚಂಡಮಾರುತವಾಯಿತು. ನಡುವೆ ಅಷ್ಟು ಸೊರಗಿದ್ದರಿಂದ ಹೊಸ ಹೆಸರು ಕೊಟ್ಟರು: ಶಾಹೀನ್, ಕತಾರ್ ಸೂಚಿಸಿದ್ದು. ಉರ್ದು ಬಲ್ಲ ಹುಡುಗನೊಬ್ಬ ಡೇಗೆ ಹಕ್ಕಿ ಎಂದು ಅರ್ಥ ಹೇಳಿದ.

ಹಾಗಾದರೆ ಮರಳುಗಾಡಿನ ತೀರಕ್ಕೆ ಚಂಡಮಾರುತ ಯಾಕೆ ಅಪರೂಪ? ಸಮುದ್ರ ಪಕ್ಕದಲ್ಲೇ ಇದೆ ಅಲ್ವಾ ಎಂದು ಕೇಳಿದರು. ಅರೇಬಿಯಾದ ನೆಲದಿಂದ ಬೀಸುವ ಒಣಗಾಳಿ ಸುಳಿಯೊಳಗೆ ನುಗ್ಗಿದರೆ ಮೋಡ ಒಡೆದುಹೋಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಇನ್ನೊಂದು ಅಡ್ಡಿ. ಕೆಳಗಿನ ಗಾಳಿ ಒಂದು ಕಡೆಗೆ, ಮೇಲಿನ ಗಾಳಿ ಇನ್ನೊಂದು ಕಡೆಗೆ ಜೋರಾಗಿ ಬೀಸುವುದರಿಂದ ಸುಳಿ ನೆಟ್ಟಗೆ ನಿಲ್ಲುವುದೇ ಇಲ್ಲ. ಆದ್ದರಿಂದ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಮೊದಲು ಮತ್ತು ಆಮೇಲೆ ಚಂಡಮಾರುತ ಜಾಸ್ತಿ. 2007ರ ಜೂನ್ ಮೊದಲ ವಾರದ ಗೋನು, 2018ರ ಮೇ ತಿಂಗಳ ಮೆಕುನು, ಎರಡೂ ಒಮಾನನ್ನು ಹೊಡೆದವು. ಆದರೆ ಶಾಹೀನ್ ಹಿಡಿದ ದಾರಿ ಇವುಗಳಿಗಿಂತ ಬೇರೆ. ಅದು ಒಮಾನ್ ಕೊಲ್ಲಿಯೊಳಗೆ ನುಗ್ಗಿ, ಗೋನುವಿನಂತೆ ಇರಾನಿನ ಕಡೆ ಹೋಗದೆ, ಒಮಾನಿನ ಉತ್ತರ ತೀರಕ್ಕೇ ತಿರುಗಿತು.

ಅಕ್ಟೋಬರ್ 3ರ ಭಾನುವಾರ ರಾತ್ರಿ ಅದು ಸುವೈಕ್ ಮತ್ತು ಮುಸನ್ನಾ ನಡುವಿನ ದಡ ಹತ್ತಿತು. ಕಾಕಾನ ಫೋನ್ ಸ್ವಿಚ್ ಆಫ್. ಸೋಮವಾರ ಆ ಹುಡುಗ ಶಾಲೆಗೆ ಬಂದ, ಟಿಕಳಿ ಅಂಟಿಸುವ ಸರದಿ ಅವನದೇ ಇತ್ತು. ಬೇರೆಯವರು ಅಂಟಿಸಲಿ ಎಂದೆ. ಅವನು ಒಪ್ಪದೆ ತಾನೇ ಅಂಟಿಸಿದ. ಬುಧವಾರ ವಾಯ್ಸ್ ಮೆಸೇಜ್ ಬಂತು. ಕಾಕಾ ಮತ್ತು ಜೊತೆಯವರು ಕಟ್ಟಡದ ಎರಡನೇ ಮಹಡಿಯಲ್ಲಿ ರಾತ್ರಿ ಕಳೆದಿದ್ದರು. ಕೆಳಗೆ ನಿಲ್ಲಿಸಿದ್ದ ಗಾಡಿ ಕೊಚ್ಚಿಹೋಗಿತ್ತು.

ಆ ಮೆಸೇಜಿನಲ್ಲಿ ಒಂದು ಮಾತು ನನ್ನ ಪಾಠವನ್ನೇ ತಿದ್ದಿತು. "ನೀರು ಸಮುದ್ರದ ಕಡಿಂದ ಬರ್ತದಂತ ಆ ಕಡೀನೇ ನೋಡ್ಕೋತ ಕುಂತಿದ್ವಿ. ಬಂದಿದ್ದು ಹಿಂದಿನ ಗುಡ್ಡದಿಂದ." ನಾನು ಮಕ್ಕಳಿಗೆ ಹೇಳಿದ್ದು ಗಾಳಿ ಮತ್ತು ಅಲೆಯ ಬಗ್ಗೆ ಮಾತ್ರ. ಮರಳು ನೀರನ್ನು ಕುಡಿದುಬಿಡುತ್ತದೆ ಎಂದು ಮಕ್ಕಳಂತೂ ನಂಬಿದ್ದರು. ಆದರೆ ಆ ತೀರದ ಬೆನ್ನಿಗೆ ಹಜರ್ ಬೆಟ್ಟಸಾಲು ಇದೆ. ಬರೀ ಬೋಳು ಬಂಡೆ, ಗಿಡಮರ ಇಲ್ಲವೆನ್ನುವಷ್ಟು ಕಡಿಮೆ. ಬಿದ್ದ ನೀರೆಲ್ಲ ವಾದಿಗಳಿಗೆ, ಅಂದರೆ ಒಣ ಹಳ್ಳಗಳಿಗೆ ನುಗ್ಗಿ ಕೆಳಗಿನ ಬಯಲಿಗೆ ಇಳಿಯುತ್ತದೆ.

ಇದನ್ನು ತೋರಿಸಲು ಶಾಲೆಯ ಹಿಂದೆ ಬಿದ್ದಿದ್ದ ಶಹಾಬಾದ್ ಕಲ್ಲಿನ ಪರ್ಸಿ, ಅಂದರೆ ಚಪ್ಪಡಿ, ತಂದೆವು. ಇಟ್ಟಿಗೆಗೆ ಆನಿಸಿ ಓರೆಯಾಗಿ ನಿಲ್ಲಿಸಿದೆವು, ಬುಡದಲ್ಲಿ ಮರಳು ಹರಡಿದೆವು. ಮರಳಿನ ಮೇಲೆ ಬೆಂಕಿಪೊಟ್ಟಣದ ಮನೆಗಳು. ಮೊದಲು ಮರಳಿನ ಮೇಲೆ ಮಾತ್ರ ಕ್ಯಾನಿನಿಂದ ನಿಧಾನ ನೀರು ಹನಿಸಿದೆವು. ಮನೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಅಷ್ಟೇ ನೀರನ್ನು ಪರ್ಸಿಯ ಮೇಲೆ ಒಮ್ಮೆಲೇ ಸುರಿದೆವು. ಮರಳೇ ಕೊರೆದುಹೋಯಿತು, ಮನೆಗಳು ಗೋಡೆಯವರೆಗೆ ತೇಲಿದವು. ಇದನ್ನು ಮಾಡುವವರು ಬಯಲಿನಲ್ಲೇ ಮಾಡಿ. ನಮ್ಮ ಕೋಣೆ ಒರೆಸಲು ಒಂದು ಪೀರಿಯಡ್ ಹಿಡಿಯಿತು.

ಅಲ್ಖಾಬೂರಾ ಎಂಬ ಊರಿನಲ್ಲಿ ಒಂದು ದಿನಕ್ಕೆ 369 ಮಿ.ಮೀ. ಮಳೆಯಾಗಿದೆ ಎಂದು ವರದಿ ಬಂತು. ಒಮಾನಿಗೆ ವರ್ಷಕ್ಕೆ ಬೀಳುವುದೇ ಸರಾಸರಿ 100 ಮಿ.ಮೀ. ಆಸುಪಾಸು. ಅಂಕಿ ಬರೆದರೆ ಸಾಲದು ಎಂದು ಗೋಡೆಯ ಮೇಲೆ 369 ಮಿ.ಮೀ. ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದೆವು. ಒಂದು ಮೀಟರ್ ಚೌಕದ ಮೇಲೆ 369 ಲೀಟರ್ ನೀರು. 15 ಲೀಟರಿನ ಕೊಡದಲ್ಲಿ ಲೆಕ್ಕ ಹಾಕಿದರೆ ಹತ್ತಿರಹತ್ತಿರ 25 ಕೊಡ. ನೀರು ಹೊರುವ ಮನೆಯ ಹುಡುಗಿಯರಿಗೆ ಆ ಲೆಕ್ಕ ತಕ್ಷಣ ತಿಳಿಯಿತು.

ಇನ್ನೊಂದು ಕೊಂಡಿಯನ್ನೂ ಸೇರಿಸಿದೆ. 2018ರಲ್ಲಿ ಮೆಕುನು ಮತ್ತು ಅಕ್ಟೋಬರಿನ ಲುಬಾನ್ ಸುರಿಸಿದ ನೀರು ಅರೇಬಿಯಾದ ದಿಬ್ಬಗಳ ನಡುವೆ ಕೆರೆಗಳಾಗಿ ನಿಂತಿತು. ಹಸಿರು ಚಿಗುರಿತು, ಮಿಡತೆ ಮೊಟ್ಟೆಯಿಟ್ಟು ಪೀಳಿಗೆ ಪೀಳಿಗೆ ಬೆಳೆಯಿತು. ಆಫ್ರಿಕಾ, ಇರಾನ್, ಪಾಕಿಸ್ತಾನ ದಾಟಿ 2020ರಲ್ಲಿ ಆ ದಂಡು ರಾಜಸ್ಥಾನ, ವಿದರ್ಭದವರೆಗೆ ಬಂತು. ಆ ಬೇಸಿಗೆ ಬೀದರಿನ ರೈತರಿಗೂ ಎಚ್ಚರಿಕೆ ಕೊಟ್ಟಿದ್ದರು, ಮಕ್ಕಳಿಗೆ ಅದು ಚೆನ್ನಾಗಿ ನೆನಪಿತ್ತು. ನಕ್ಷೆಯ ಮೇಲೆ ಅದಕ್ಕೆ ಹಸಿರು ಟಿಕಳಿ ಹಚ್ಚಿದರು.

ಆ ನಕ್ಷೆ ಈಗಲೂ ನಮ್ಮಲ್ಲಿದೆ. ಊರಿಗೆ ಬಂದಾಗ ಕಾಕಾ ಶಾಲೆಗೂ ಬಂದಿದ್ದರು. ಕೊನೆಯ ಕೆಂಪು ಟಿಕಳಿಯನ್ನು ಬಹಳ ಹೊತ್ತು ನೋಡಿ, ಪೆನ್ ಕೇಳಿ ತೆಗೆದುಕೊಂಡರು. ತೀರದ ಹಿಂದೆ ನಾವು ಬರೆಯದೆ ಬಿಟ್ಟಿದ್ದ ಬೆಟ್ಟಸಾಲನ್ನು ಎಳೆದು, ಅಲ್ಲಿಂದ ಸಮುದ್ರದ ಕಡೆಗೆ ನಾಲ್ಕು ಹಳ್ಳ ಬರೆದರು. ಮೂರನೆಯ ಹಳ್ಳದ ಪಕ್ಕ ಒಂದು ಚಿಕ್ಕ ಚೌಕ ಹಾಕಿ, "ಇಲ್ಲಿ ಇದ್ವಿ ನೋಡ್ರಿ ಸರ್" ಎಂದರು.