ಪಿಯು ಕಾಲೇಜಿನ ಲೈಬ್ರರಿ: ಬೀರುವಿನ ಬೀಗ ತೆಗೆಯುವುದರಿಂದ ಶುರು

ನಮ್ಮ ಎಷ್ಟೋ ಪಿಯು ಕಾಲೇಜುಗಳಲ್ಲಿ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಪಕ್ಕದ ಒಂದು ಕೋಣೆ. ನಾಲ್ಕು ಕಬ್ಬಿಣದ ಬೀರು, ನಾಲ್ಕಕ್ಕೂ ಬೀಗ, ಬೀಗದ ಕೈ ಯಾರೋ ಒಬ್ಬ ಉಪನ್ಯಾಸಕರ ಜೇಬಿನಲ್ಲಿ. ನಾನೂ ಹಲವು ವರ್ಷ ಹಾಗೆ ‘ಲೈಬ್ರರಿ ಇನ್‌ಚಾರ್ಜ್’ ಆಗಿದ್ದವನು. ಚಾರ್ಜ್ ತೆಗೆದುಕೊಂಡ ದಿನ ಹಿರಿಯರೊಬ್ಬರು ಕಿವಿಯಲ್ಲಿ ಹೇಳಿದ್ದರು: “ಪುಸ್ತಕ ಕೊಡೋಕೆ ಹೋಗ್ಬೇಡಿ ಸಾರ್, ಕಳೆದ್ರೆ ನಿಮ್ಮ ಸಂಬಳಕ್ಕೇ ಬರುತ್ತೆ.”

ಮೊದಲು ಆ ಭಯ ಕಳೆಯಿರಿ

ಓದಲು ಕೊಟ್ಟ ಪುಸ್ತಕದಲ್ಲಿ ಕೆಲವು ಕಳೆದೇ ಹೋಗುತ್ತವೆ. ಇದು ಸರ್ಕಾರಕ್ಕೂ ಗೊತ್ತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಮೋಸ, ನಿರ್ಲಕ್ಷ್ಯ ಇರಬಾರದು ಅಷ್ಟೆ. ಅಪರೂಪದ ಪುಸ್ತಕ ಅಥವಾ ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ನಿಯಮ, ನಿಜ. ಆದರೂ ಪ್ರಾಂಶುಪಾಲರ ಮುಂದೆ ಇಡಲು ಒಳ್ಳೆಯ ಆಧಾರ. ಎಷ್ಟು ನಷ್ಟವನ್ನು ಕಾಲೇಜು ಒಪ್ಪುತ್ತದೆ ಎಂದು ಅವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ಆಮೇಲೆ ಎರಡು ದಿನ ಕೂತು ಅಕ್ಸೆಷನ್ ರಿಜಿಸ್ಟರ್ (ಲೈಬ್ರರಿಗೆ ಬಂದ ಪುಸ್ತಕಗಳನ್ನು ಕ್ರಮವಾಗಿ ನಂಬರ್ ಕೊಟ್ಟು ಬರೆದಿಡುವ ಪುಸ್ತಕ) ಜೊತೆ ಪುಸ್ತಕ ತಾಳೆ ನೋಡಿ. ಇಲ್ಲದ್ದನ್ನು ಮೊದಲೇ ಪಟ್ಟಿ ಮಾಡಿಟ್ಟರೆ ಹಿಂದಿನವರ ಲೆಕ್ಕ ನಿಮ್ಮ ತಲೆಗೆ ಬರುವುದಿಲ್ಲ.

ವಿಷಯವಾರು ಜೋಡಿಸಿ

ಪುಸ್ತಕಗಳನ್ನು ಆ ರಿಜಿಸ್ಟರಿನ ನಂಬರಿನ ಪ್ರಕಾರ ಜೋಡಿಸಿದರೆ ಹುಡುಕುವವರಿಗೆ ಉಪಯೋಗವಿಲ್ಲ. ಪ್ರತಿ ವಿಷಯಕ್ಕೂ ಒಂದು ನಂಬರ್ ಕೊಡುವ ಡ್ಯೂಯಿ ಪದ್ಧತಿಯ ಹತ್ತು ನಂಬರ್ ಸಾಕು: ಗಣಿತ 510, ಭೌತಶಾಸ್ತ್ರ 530, ರಸಾಯನಶಾಸ್ತ್ರ 540, ಅರ್ಥಶಾಸ್ತ್ರ 330, ಲೆಕ್ಕಶಾಸ್ತ್ರ 657, ಹೀಗೆ. ದಶಾಂಶದ ನಂತರದ ಅಂಕಿಗಳ ತಂಟೆಗೆ ಹೋಗಬೇಡಿ. ಇದು ವಿಶ್ವವಿದ್ಯಾಲಯ ಅಲ್ಲ.

ಮಕ್ಕಳು ಕೇಳುವುದನ್ನು ಮುಂದೆ ಇಡಿ

ಹದಿನೇಳು ವರ್ಷದ ಹುಡುಗ ಲೈಬ್ರರಿಗೆ ಬರುವುದು ಕಾದಂಬರಿಗಲ್ಲ, ಹಳೆ ಪ್ರಶ್ನೆಪತ್ರಿಕೆಗೆ. ಬೇಜಾರು ಮಾಡಿಕೊಳ್ಳಬೇಡಿ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಹಾಕುವ ಮಾದರಿ ಪತ್ರಿಕೆಗಳನ್ನು ಪ್ರಿಂಟ್ ತೆಗೆಸಿ, ವಿಷಯವಾರು ಬೈಂಡ್ ಮಾಡಿಸಿ. ಎರಡೆರಡು ಪ್ರತಿ ಇರಲಿ. ಅದರಲ್ಲಿ ಒಂದು ಪ್ರತಿ ಲೈಬ್ರರಿ ಬಿಟ್ಟು ಹೋಗಬಾರದು. ಪಕ್ಕದಲ್ಲೇ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಇಡಿ.

ಎಲ್ಲಕ್ಕಿಂತ ಕಷ್ಟಪಡುವವರು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರು. ಅವರಿಗೆ ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ವೇಗೋತ್ಕರ್ಷ ಚೆನ್ನಾಗಿ ಗೊತ್ತಿದ್ದ ಹುಡುಗಿ ‘ಆಕ್ಸಲರೇಶನ್’ ಕೇಳಿ ಸುಮ್ನೆ ಕೂತಿದ್ದನ್ನು ನಾನೇ ನೋಡಿದ್ದೇನೆ. ಒಂದು ದೊಡ್ಡ ನೋಟ್‌ಬುಕ್ ತಂದು ಎರಡು ಕಾಲಮ್ ಹಾಕಿ ಮೇಜಿನ ಮೇಲಿಡಿ. ಸಂವೇಗ, ಮೊಮೆಂಟಮ್. ಜಡತ್ವ, ಇನರ್ಶಿಯಾ. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ತಡವರಿಸಿದ ಪದವನ್ನು ಮಕ್ಕಳೇ ಬರೆಯಲಿ, ಉಪನ್ಯಾಸಕರು ವಾರಕ್ಕೊಮ್ಮೆ ತಿದ್ದಲಿ. ನಮ್ಮಲ್ಲಿ ಮೊದಲ ನೋಟ್‌ಬುಕ್ ದಸರಾ ರಜೆಗೆ ಮುಂಚೆಯೇ ತುಂಬಿತ್ತು. ಫೋನ್ ಇದ್ದವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ತೋರಿಸಿಕೊಡಿ. ನಿಘಂಟುಗಳು ಅಲ್ಲಿ ಪುಕ್ಕಟೆ ಸಿಗುತ್ತವೆ.

ಬಸ್ಸಿನ ಟೈಮ್ ನೋಡಿ ಬಾಗಿಲು ತೆಗೆಯಿರಿ

ಸಂಜೆ ನಾಲ್ಕೂವರೆಗೆ ಲೈಬ್ರರಿ ತೆಗೆದರೆ ಯಾರೂ ಬರುವುದಿಲ್ಲ. ಊರಿನ ಬಸ್ಸು ತಪ್ಪಿಸಿಕೊಳ್ಳಲು ಯಾರಿಗೆ ಧೈರ್ಯ? ಆದರೆ ಅದೇ ಹಳ್ಳಿ ಮಕ್ಕಳು ಬೆಳಗ್ಗೆ ಎಂಟೂವರೆಗೇ ಬಂದು ಜಗಲಿ ಮೇಲೆ ಕೂತಿರುತ್ತಾರೆ, ಮೊದಲ ಬೆಲ್ ಹತ್ತಕ್ಕೆ. ಆ ಒಂದೂವರೆ ಗಂಟೆ ನಿಮ್ಮದು. ನೀವು ಅಷ್ಟು ಬೇಗ ಬರಲಾಗದಿದ್ದರೆ ಪ್ರತಿ ಸೆಕ್ಷನ್ನಿನಿಂದ ಇಬ್ಬರನ್ನು ಆರಿಸಿ, ಪ್ರಾಂಶುಪಾಲರ ಒಪ್ಪಿಗೆ ಪಡೆದು ಬೀಗದ ಕೈ, ಇಶ್ಯೂ ರಿಜಿಸ್ಟರ್ ಅವರಿಗೇ ಕೊಡಿ. ಮಕ್ಕಳ ಕೈಗೆ ಕೊಟ್ಟ ಮೇಲೆ ಕಳೆಯುವುದು ಕಡಿಮೆಯಾಯಿತು ಅನ್ನುವುದು ನನ್ನ ಅನುಭವ.

ಕಾರ್ಯಕ್ರಮ ಮಾಡಿ, ಸಮಾರಂಭ ಬೇಡ

ಆಗಸ್ಟ್ 12 ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದವರು ಅವರು. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಎರಡನ್ನೂ ಹಾರ, ಶಾಲು, ಮುಖ್ಯ ಅತಿಥಿಯ ಭಾಷಣದಲ್ಲಿ ಮುಗಿಸಿಬಿಡುತ್ತೇವೆ, ಅಲ್ವಾ? ಅದರ ಬದಲು ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರನ್ನು ಕರೆದು ಅರ್ಧ ಗಂಟೆ ಮಾತಾಡಿಸಿ. ಸಿಎ ಓದುತ್ತಿರುವವರು, ಲಾ ಸೇರಿದವರು, ನರ್ಸಿಂಗ್ ಮುಗಿಸಿದವರು ಯಾರಾದರೂ ಆಗಬಹುದು. ಫೀಸ್ ಎಷ್ಟಾಯಿತು, ಹಾಸ್ಟೆಲ್ ಹೇಗೆ ಸಿಕ್ಕಿತು ಎಂದು ಮಕ್ಕಳು ಅವರನ್ನು ಕೇಳುತ್ತಾರೆ. ಮುಖ್ಯ ಅತಿಥಿಯನ್ನು ಕೇಳುವುದಿಲ್ಲ.

ಬಾಗಿಲ ಪಕ್ಕ ಒಂದು ಬೋರ್ಡ್ ಇರಲಿ. ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟು ಬೇರೆ ದಾರಿಗಳ ಅರ್ಜಿ ದಿನಾಂಕ ಮಾತ್ರ ಅದರಲ್ಲಿ: ಲಾ ಓದಲು ಕ್ಲ್ಯಾಟ್, ಆರ್ಕಿಟೆಕ್ಚರ್‌ಗೆ ನಾಟಾ, ವಿಜ್ಞಾನ ಓದಲು ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆ, ಸಿಎ ಫೌಂಡೇಶನ್. ಈಚಿನ ವರ್ಷಗಳಲ್ಲಿ ಕ್ಲ್ಯಾಟ್ ಡಿಸೆಂಬರಿನಲ್ಲೇ ನಡೆಯುತ್ತಿದೆ. ಪಿಯು ಪರೀಕ್ಷೆ ಮುಗಿಯಲಿ ಎಂದು ಕಾದವರಿಗೆ ಅದು ತಪ್ಪಿಹೋಗುತ್ತದೆ.

ಸಿಇಟಿಗೆ ಶನಿವಾರದ ಅಭ್ಯಾಸ ಪರೀಕ್ಷೆ ಇಡಿ: ಒಂದು ವಿಷಯ, 60 ಪ್ರಶ್ನೆ, 80 ನಿಮಿಷ. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲೇ ಬರೆಸಿ. ಸಿಇಟಿ ಅರ್ಜಿ ಶುರುವಾದಾಗ ಲೈಬ್ರರಿ ಕಂಪ್ಯೂಟರ್ ಮುಂದೆ ಅರ್ಜಿ ತುಂಬುವ ದಿನ ಮಾಡಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಮೊದಲೇ ತರಿಸಿಕೊಳ್ಳಿ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಯ ಕಾಲಮ್ ಅನ್ನು ಸೈಬರ್ ಸೆಂಟರಿನ ಅವಸರದಲ್ಲಿ ಖಾಲಿ ಬಿಟ್ಟು ಸೀಟು ಕಳೆದುಕೊಂಡವರಿದ್ದಾರೆ. ನನ್ನ ಮಟ್ಟಿಗೆ ವರ್ಷದ ದೊಡ್ಡ ಕಾರ್ಯಕ್ರಮ ಇದೇ.

ಹಾಲ್ ಟಿಕೆಟ್ ದಿನ

ದ್ವಿತೀಯ ಪಿಯುಸಿಯವರು ಹಾಲ್ ಟಿಕೆಟ್‌ಗೆ ಬಂದಾಗ ಪುಸ್ತಕ ವಾಪಸ್ ಕೇಳಬೇಡಿ, ಆಗಲೇ ಅವರಿಗೆ ಬೇಕಾಗಿರುವುದು. ಅಂಕಪಟ್ಟಿ ಒಯ್ಯಲು ಬಂದಾಗ ಕೇಳಿ. ಜೊತೆಗೆ ಅವರ ಸ್ವಂತ ಪಠ್ಯಪುಸ್ತಕ ಬಿಟ್ಟುಹೋಗಲು ಇಷ್ಟವಿದೆಯೇ ವಿಚಾರಿಸಿ. ಬಂದ ಪುಸ್ತಕಕ್ಕೆ ಅಂಟು ಹಚ್ಚಿ, ಬಟ್ಟೆ ಪಟ್ಟಿ ಹಾಕಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ಮಾತ್ರ ಅಳಿಸಬೇಡಿ. ಹೊಸ ವರ್ಷದ ಮಕ್ಕಳು ಮೊದಲು ಎತ್ತಿಕೊಳ್ಳುವುದು ಅಂಥ ಪುಸ್ತಕವನ್ನೇ.