ತುಟಿಯ ಬಝ್ ಸಾಧನೆ: ಟ್ರಂಪೆಟ್ ಎತ್ತಿಕೊಳ್ಳುವ ಮುಂಚಿನ ಹತ್ತು ನಿಮಿಷ

ಶಂಖ ಊದುವ ದಾಸಯ್ಯ, ಜಾತ್ರೆಯಲ್ಲಿ ಕೊಂಬು ಎತ್ತುವವರು, ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಹಿಡಿದವರು, ಈ ಮೂವರ ಬಾಯಿ ಮಾಡುವ ಕೆಲಸ ಒಂದೇ. ಮುಚ್ಚಿದ ತುಟಿಗಳ ನಡುವೆ ಗಾಳಿ ನುಗ್ಗಿಸಿ ತುಟಿಯನ್ನು ಅದುರಿಸುವುದು. ಓಲಗದವರ ಲೆಕ್ಕ ಬೇರೆ. ನಾಗಸ್ವರದಲ್ಲಿ ಅದುರುವುದು ಪೀಪಿ, ತುಟಿ ಅದನ್ನು ಹಿಡಿದುಕೊಂಡಿರುತ್ತದೆ. ಟ್ರಂಪೆಟ್, ಟ್ರೊಂಬೋನ್, ಯುಫೋನಿಯಂ, ಟ್ಯೂಬಾಗಳಿಗೆ ಪೀಪಿ ಎಂಬುದಿಲ್ಲ, ತುಟಿಯೇ ಪೀಪಿ. ಆ ಅದುರಿಕೆಯನ್ನು ವಾದ್ಯ ಬಿಟ್ಟು ಬರಿ ಬಾಯಲ್ಲೋ ಮೌತ್‌ಪೀಸಿನಲ್ಲೋ (ವಾದ್ಯದ ತುದಿಗೆ ಸಿಕ್ಕಿಸಿ ತುಟಿಗೆ ಇಡುವ ಬಟ್ಟಲಿನಂಥ ತುಂಡು) ಮಾಡುವ ಸಾಧನೆಗೆ ಬಝಿಂಗ್ ಎನ್ನುತ್ತಾರೆ.

ವಾದ್ಯ ಇರುವಾಗ ಅದನ್ನು ಬಿಟ್ಟು ಊದುವುದೇಕೆ? ವಾದ್ಯದ ಕೊಳವೆ ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ತುಟಿಯ ಅದುರಿಕೆ ಒಂದು ಸ್ವರದ ಹತ್ತಿರ ಬಂದರೆ ಸಾಕು, ಕೊಳವೆಯೊಳಗಿನ ಗಾಳಿಯ ಅಲೆ ತುಟಿಗೇ ವಾಪಸ್ ಬಡಿದು ಅದನ್ನು ತನ್ನ ಸ್ವರಕ್ಕೆ ಎಳೆದುಕೊಳ್ಳುತ್ತದೆ. ತುಟಿ ಅರೆಬರೆ ಕೆಲಸ ಮಾಡಿದರೂ ಸ್ವರ ಹೊರಡುತ್ತದೆ, ಆದರೆ ತೆಳ್ಳಗೆ, ಒರಟಾಗಿ. ಬರಿ ಮೌತ್‌ಪೀಸಿನಲ್ಲಿ ಆ ಆಸರೆ ಇಲ್ಲ. ಕಿವಿಗೆ ಸ್ವರ ಗೊತ್ತಿದ್ದು, ಗಾಳಿ ಸಮವಾಗಿ ಹೋದರೆ ಮಾತ್ರ ಬಝ್ ಶ್ರುತಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಇದು ಕಿವಿಗೆ ಮತ್ತು ಉಸಿರಿಗೆ ಕೊಡುವ ಸಾಧನೆ. ತುಟಿಗೆ ಕಸರತ್ತು ಎಂದುಕೊಂಡು ದಿನಕ್ಕೆ ಅರ್ಧ ಗಂಟೆ ಬಝ್ ಮಾಡುವವರ ತುಟಿ ಬಿಗಿದುಕೊಂಡು, ವಾದ್ಯಕ್ಕೆ ಬರುವ ಹೊತ್ತಿಗೆ ದಣಿದಿರುತ್ತದೆ. ಎಲ್ಲ ಸೇರಿ 10 ನಿಮಿಷ ಮೀರಬೇಡಿ.

ಬೇಕಾದ ಸಾಮಾನು

ನಿಮ್ಮದೇ ಮೌತ್‌ಪೀಸ್, ಮುಖ ಕಾಣುವಷ್ಟು ಕನ್ನಡಿ, ಶ್ರುತಿ, ತಾಳಕ್ಕೆ ಮೆಟ್ರೊನೋಮ್. ಮೌತ್‌ಪೀಸ್ ಹೊಸದಾಗಿ ಕೊಳ್ಳುವವರು ಟ್ರಂಪೆಟ್ಟಿಗೆ 7ಸಿ ಅಥವಾ 5ಸಿ ಎಂಬ ಸೈಜಿನದನ್ನು ತೆಗೆದುಕೊಂಡರೆ ಸಾಕು. ಒಳಸುತ್ತಿನ ಅಡ್ಡಳತೆ ಟ್ರಂಪೆಟ್ಟಿನದು ಸುಮಾರು 16 ಮಿಲಿಮೀಟರ್, ಟ್ರೊಂಬೋನಿನದು ಸುಮಾರು 25. ಒಂದರಲ್ಲಿ ಮಾಡಿದ ಬಝ್ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ, ಆದ್ದರಿಂದ ಊದುವ ವಾದ್ಯದ್ದನ್ನೇ ಬಳಸಿ.

ಶ್ರುತಿಗೆ ಬೇರೆ ಏನೂ ಕೊಳ್ಳಬೇಕಿಲ್ಲ. ಮನೆಯಲ್ಲಿ ಯಾರಾದರೂ ಸಂಗೀತ ಪಾಠಕ್ಕೆ ಹೋಗುತ್ತಿದ್ದರೆ ಅವರ ಶ್ರುತಿಪೆಟ್ಟಿಗೆ, ಇಲ್ಲವಾದರೆ ಮೊಬೈಲಿನ ತಂಬೂರಿ ಆ್ಯಪ್. ನಮ್ಮ ಕಡೆ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಇರುವ ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ. ಶ್ರುತಿಯನ್ನು ಆರೂವರೆ ಮನೆಗೆ, ಅಂದರೆ ಎ ಶಾರ್ಪ್‌ಗೆ (ಬಿ ಫ್ಲ್ಯಾಟ್‌ನದೇ ಇನ್ನೊಂದು ಹೆಸರು) ಇಟ್ಟರೆ, ಒಂದು ವಾಲ್ವೂ ಒತ್ತದೆ ಬರುವ ಸ್ವರಗಳು ಕೆಳಗಿನಿಂದ ಸ, ಪ, ಮೇಲಿನ ಸ, ಗ, ಪ ಆಗುತ್ತವೆ. ಟ್ರಂಪೆಟ್ಟಿನ ಸ್ಟಾಫ್ ನೋಟೇಶನ್ನಿನಲ್ಲಿ ಷಡ್ಜವನ್ನು ಸಿ ಎಂದೇ ಬರೆಯುವುದರಿಂದ ಇವೇ ಸಿ, ಜಿ, ಸಿ, ಇ, ಜಿ. ಟ್ರೊಂಬೋನ್, ಯುಫೋನಿಯಂನವರಿಗೂ ಇದೇ ಶ್ರುತಿ, ಒಂದು ಸ್ಥಾಯಿ ಕೆಳಗೆ. ಫ್ರೆಂಚ್ ಹಾರ್ನ್ ಇದ್ದರೆ ನಾಲ್ಕು ಮನೆ. ಸ್ಪೀಕರಿನ ಸದ್ದನ್ನು ಬಝ್ ಮುಳುಗಿಸಿಬಿಡುತ್ತದೆ, ಹಾಗಾಗಿ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಇನ್ನೊಂದು ಕಿವಿ ತೆರೆದಿರಲಿ.

ಬರಿ ತುಟಿ, ಒಂದೇ ನಿಮಿಷ

ಕನ್ನಡಿಯ ಮುಂದೆ ನೆಟ್ಟಗೆ ಕೂತು "ಮ್" ಎಂದು ಬಾಯಿ ಮುಚ್ಚಿ. ಒಳಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದೆ ತುಸು ಬಿಟ್ಟಿರಲಿ. ಬಾಯಿಯ ಎರಡು ಮೂಲೆಗಳನ್ನು ಗಟ್ಟಿ ಮಾಡಿ, ನಡುವಿನ ಭಾಗ ಮೆತ್ತಗೇ ಇರಬೇಕು. ನಗುವಾಗಿನಂತೆ ಮೂಲೆಗಳನ್ನು ಹಿಂದಕ್ಕೆ ಎಳೆದರೆ ತುಟಿ ತೆಳುವಾಗಿ ಬೇಗ ಸೋಲುತ್ತದೆ. ಗದ್ದ ಚಪ್ಪಟೆಯಾಗಿರಲಿ. ಅಲ್ಲಿ ಗುಳಿ, ಸುಕ್ಕು ಕಂಡರೆ ಕೆಳತುಟಿಯನ್ನು ಮೇಲಕ್ಕೆ ನೂಕುತ್ತಿದ್ದೀರಿ ಎಂದರ್ಥ. ಕೆನ್ನೆ ಉಬ್ಬಬಾರದು.

ಬಾಯಿಯ ಮೂಲೆಗಳಿಂದ 4 ಎಣಿಕೆ ಉಸಿರು ಎಳೆದು, ತಡೆದು ನಿಲ್ಲಿಸದೆ ಹಾಗೇ ಹೊರಬಿಡಿ. ತುಟಿಯ ನಡುವೆ ಜೇನ್ನೊಣದಂಥ ಸಣ್ಣ, ಬಿಗಿಯಾದ ಸದ್ದು ಹುಟ್ಟಬೇಕು. ಮಕ್ಕಳು ಆಟಕ್ಕೆ ಮಾಡುವ "ಬ್ರ್ರ್" ಇದಲ್ಲ. ಅದು ಸಡಿಲ ತುಟಿಯ ಪಟಪಟ, ಕೊನೆಯಲ್ಲಿ ತುಟಿ ಬಿಚ್ಚಿಕೊಳ್ಳಲು ಉಪಯೋಗಕ್ಕೆ ಬರುತ್ತದೆ. 5 ಸೆಕೆಂಡ್ ಬಝ್, 5 ಸೆಕೆಂಡ್ ಬಿಡುವು, ಹೀಗೆ 5–6 ಸಲ. ಅಷ್ಟೇ.

ಬರಿ ತುಟಿ ಅದುರದಿದ್ದರೆ ಗಾಬರಿ ಬೇಡ. ಮೌತ್‌ಪೀಸಿನ ಬಳೆ, ಅಂದರೆ ತುಟಿಗೆ ತಾಗುವ ದುಂಡಂಚು, ತುಟಿಗೆ ಚೌಕಟ್ಟಾಗಿ ನಿಲ್ಲುತ್ತದೆ. ಅದಿಲ್ಲದಾಗ ತುಟಿ ತನ್ನನ್ನು ತಾನೇ ಬಿಗಿಹಿಡಿಯಬೇಕು, ವಾದ್ಯ ಊದುವಾಗ ಅಷ್ಟು ಬಿಗಿ ಬೇಕಿಲ್ಲ. ಚೆನ್ನಾಗಿ ನುಡಿಸುವ ಎಷ್ಟೋ ಜನಕ್ಕೆ ಬರಿ ತುಟಿಯ ಬಝ್ ಬರುವುದಿಲ್ಲ. ಕೆಲವು ಶಿಕ್ಷಕರು ಇದನ್ನು ಪೂರ್ತಿ ಬಿಡಿಸುತ್ತಾರೆ, ಆ ವಾದದಲ್ಲಿ ಹುರುಳಿದೆ. ಒಂದು ವಾರ ನೋಡಿ, ಬಾರದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಮೌತ್‌ಪೀಸಿನಲ್ಲಿ, ಐದಾರು ನಿಮಿಷ

ಸಾಧನೆಯ ತಿರುಳು ಇಲ್ಲಿದೆ. ಅಮೆರಿಕದ ಟ್ರಂಪೆಟ್ ಗುರು ಜೇಮ್ಸ್ ಸ್ಟ್ಯಾಂಪ್ ಅವರ ಪಾಠದಲ್ಲಿ ಮೌತ್‌ಪೀಸ್ ಬಝ್‌ಗೆ ದೊಡ್ಡ ಸ್ಥಾನವಿತ್ತು. ಚಿಕಾಗೋ ಸಿಂಫನಿಯ ಟ್ಯೂಬಾ ವಾದಕ ಆರ್ನಲ್ಡ್ ಜೇಕಬ್ಸ್ ಶಿಷ್ಯರಿಂದ ಮೌತ್‌ಪೀಸಿನಲ್ಲಿ ಹಾಡುಗಳನ್ನೇ ಊದಿಸುತ್ತಿದ್ದರು.

ಹಿಡಿಯುವ ರೀತಿಯಲ್ಲೇ ಅರ್ಧ ಪಾಠವಿದೆ. ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಕೊಳವೆಯ ತುದಿಯನ್ನು ಹಗುರಾಗಿ ಹಿಡಿಯಿರಿ. ಬಟ್ಟಲನ್ನು ಮುಷ್ಟಿಯಲ್ಲಿ ಹಿಡಿದರೆ ಗೊತ್ತಿಲ್ಲದೆಯೇ ತುಟಿಗೆ ಒತ್ತುತ್ತೀರಿ. ಒತ್ತಿದಾಗ ರಕ್ತ ಓಡಾಟ ನಿಂತು ತುಟಿ ಮರಗಟ್ಟುತ್ತದೆ. ಟ್ರಂಪೆಟ್ಟಿಗೆ ಮೇಲ್ತುಟಿ ಕೆಳತುಟಿ ಹೆಚ್ಚುಕಡಿಮೆ ಅರ್ಧರ್ಧ, ಫ್ರೆಂಚ್ ಹಾರ್ನಿಗೆ ಮೇಲ್ತುಟಿ ಮೂರರಲ್ಲಿ ಎರಡು ಪಾಲು, ಟ್ರೊಂಬೋನ್ ಟ್ಯೂಬಾಗಳಿಗೆ ಮೇಲ್ತುಟಿ ಸ್ವಲ್ಪ ಹೆಚ್ಚು. ಹಲ್ಲಿನ ಸಾಲು ಎಲ್ಲರದೂ ಒಂದೇ ಅಲ್ಲವಾದ್ದರಿಂದ ಎಡಕ್ಕೋ ಬಲಕ್ಕೋ ತುಸು ಸರಿದಿದ್ದರೆ ತಿದ್ದಲು ಹೋಗಬೇಡಿ. ಬಳೆಯ ಮೇಲಂಚು ಮಾತ್ರ ಮೇಲ್ತುಟಿಯ ಕೆಂಪು ಭಾಗದ ಮೇಲೆ ಕೂರಬಾರದು, ಅದರಿಂದಾಚೆಯ ಚರ್ಮದ ಮೇಲಿರಬೇಕು.

ನಾಲಿಗೆಯಿಂದ ತುಟಿ ಒದ್ದೆ ಮಾಡಿ, ಶ್ರುತಿ ಹಾಕಿ. ಮೊದಲು ಬಾಯಲ್ಲಿ "ಪ" ಹಾಡಿ. ಹಾಡಲು ಬಾರದ ಸ್ವರ ಬಝ್‌ನಲ್ಲೂ ಬರುವುದಿಲ್ಲ. ನಂತರ ಅದೇ ಪಂಚಮವನ್ನು (ಎರಡರಲ್ಲಿ ಕೆಳಗಿನದು) ಮೌತ್‌ಪೀಸಿನಲ್ಲಿ ಹಿಡಿಯಿರಿ, ಮೆಟ್ರೊನೋಮ್ 60ರಲ್ಲಿ, ಅಂದರೆ ಸೆಕೆಂಡಿಗೆ ಒಂದರಂತೆ, 8 ಎಣಿಕೆ. ಟ್ರಂಪೆಟ್ಟಿನ ಈ ಪಂಚಮಕ್ಕೆ ತುಟಿ ಸೆಕೆಂಡಿಗೆ ಸುಮಾರು 349 ಸಲ ತೆರೆದು ಮುಚ್ಚುತ್ತದೆ, ಕೆಳಗಿನ ಷಡ್ಜಕ್ಕೆ 233. ಇದನ್ನು ಬೇಕೆಂದು ಮಾಡಲಾಗುವುದಿಲ್ಲ, ಕಿವಿ ಕೇಳಿದ್ದನ್ನು ತುಟಿ ತಾನೇ ಹುಡುಕಿಕೊಳ್ಳುತ್ತದೆ. ನಾಲ್ಕು ಸಲ ಊದಿ, ಪ್ರತಿ ಸಲದ ನಡುವೆ ಅಷ್ಟೇ ಹೊತ್ತು ತುಟಿಯಿಂದ ಮೌತ್‌ಪೀಸ್ ತೆಗೆಯಿರಿ.

ಆಮೇಲೆ ಜಾರು. ಪಂಚಮದಿಂದ ಕೆಳಗಿನ ಷಡ್ಜಕ್ಕೆ 4 ಎಣಿಕೆಯಲ್ಲಿ ನಿಧಾನವಾಗಿ ಇಳಿದು, 4 ಎಣಿಕೆಯಲ್ಲಿ ಹತ್ತಿ. ದಾರಿಯಲ್ಲಿ ಎಲ್ಲೂ ಕಡಿಯಬಾರದು, ಮೆಟ್ಟಿಲು ಕೇಳಿಸಬಾರದು. ಬಝ್ ಒಂದು ಕಡೆ ನಿಂತುಹೋಗಿ ಮತ್ತೆ ಶುರುವಾದರೆ, ಅದೇ ಜಾಗದಲ್ಲಿ ನೀವು ತುಟಿಯ ಹಿಡಿತ ಬದಲಿಸುತ್ತಿದ್ದೀರಿ. ಆ ಕಡಿತದ ಆಚೆ ಈಚೆಯ ಎರಡು ಸ್ವರಗಳ ನಡುವೆ ಮಾತ್ರ ನಾಲ್ಕೈದು ಸಲ ಜಾರಿ, ಗಾಳಿಯನ್ನು ಇನ್ನೂ ಜೋರಾಗಿ ಬಿಡಿ. ವಾಲ್ವ್ ಇರುವ ವಾದ್ಯದಲ್ಲಿ ಈ ಕಡಿತ ಅಡಗಿಕೊಂಡಿರುತ್ತದೆ, ಮೌತ್‌ಪೀಸಿನಲ್ಲಿ ಬಯಲಾಗುತ್ತದೆ. ಇದೊಂದಕ್ಕೇ ಜಾರು ಬಿಡಬಾರದು. ಎರಡು ವಾರದ ನಂತರ ಪಂಚಮದಿಂದ ಮೇಲಿನ ಷಡ್ಜಕ್ಕೂ ಜಾರಿ.

ಮೂರನೆಯದು ಸರಳೆ ವರಸೆ. ಮೊದಲ ಕಾಲದಲ್ಲಿ, ನಾಲಿಗೆ ತಾಗಿಸದೆ, ಒಂದೇ ಉಸಿರಿನಲ್ಲಿ ಸ ರಿ ಗ ಮ ಪ, ಹಿಂದಕ್ಕೆ ಪ ಮ ಗ ರಿ ಸ. ಶುರುವಿನಲ್ಲಿ ಶಂಕರಾಭರಣದ ಸ್ವರ ಹಿಡಿಯಿರಿ. ಅದು ಕೈಗೆ ಬಂದ ಮೇಲೆ ಸಂಗೀತ ಪಾಠದಲ್ಲಿ ಎಲ್ಲರೂ ಕಲಿಯುವ ಮಾಯಾಮಾಳವಗೌಳಕ್ಕೆ ಬನ್ನಿ. ಷಡ್ಜಕ್ಕೆ ಅಂಟಿಕೊಂಡಿರುವ ಅದರ ಶುದ್ಧ ರಿಷಭ, ಅಲ್ಲಿಂದ ಅಂತರ ಗಾಂಧಾರಕ್ಕೆ ಹಾರುವ ದೊಡ್ಡ ಸಂದು, ಎರಡೂ ಕಿವಿಗೆ ಒಳ್ಳೆಯ ಪರೀಕ್ಷೆ. ಬಝ್‌ನಲ್ಲಿ ಈ ರಿಷಭ ಮೇಲೇರುವುದು ಎಲ್ಲರಿಗೂ ಆಗುವ ತಪ್ಪು. ಬೇಸರವಾದರೆ ಪಿಳ್ಳಾರಿ ಗೀತೆಯ ಒಂದು ಸಾಲೋ, ನಾಳಿನ ಮೆರವಣಿಗೆಯ ಸಿನಿಮಾ ಹಾಡಿನ ಪಲ್ಲವಿಯೋ ಊದಿ. ಹೊಸ ಹಾಡು ಕಲಿಯಲು ಇದಕ್ಕಿಂತ ಬೇಗದ ದಾರಿ ಇಲ್ಲ, ಬೆರಳಿನ ಚಿಂತೆಯಿಲ್ಲದೆ ರಾಗ ಬಾಯಿಗೆ ಕೂರುತ್ತದೆ.

ಮೌತ್‌ಪೀಸ್ ಒಂದರಲ್ಲೇ ಗಾಳಿಗೆ ತಡೆ ಕಡಿಮೆ, ಉಸಿರು ಬೇಗ ಖಾಲಿಯಾಗುತ್ತದೆ. ಕಿರುಬೆರಳಿನಿಂದ ತುದಿಯ ತೂತನ್ನು ಅರ್ಧ ಮುಚ್ಚಿದರೆ ವಾದ್ಯದಲ್ಲಿ ಸಿಗುವಂಥ ತಡೆ ಸಿಗುತ್ತದೆ. ಇನ್ನೂ ಒಳ್ಳೆಯದು ಗಾರೆಯವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪಿನ ತುಂಡು. ಟ್ರಂಪೆಟ್ಟಿಗೆ ಒಳ ಅಳತೆ 10 ಮಿಲಿಮೀಟರ್ ಆಸುಪಾಸು ಇರಲಿ, ಮೌತ್‌ಪೀಸಿನ ತುದಿ ಬಿಗಿಯಾಗಿ ಕೂರಬೇಕು. 10 ಸೆಂಟಿಮೀಟರ್ ತುಂಡು ಸಾಕು. ಮಕ್ಕಳಿಗೆ ಹುರುಪು ಬರಿಸಬೇಕೆಂದರೆ 1.4 ಮೀಟರ್ ಕತ್ತರಿಸಿ ಇನ್ನೊಂದು ತುದಿಗೆ ಸೀಮೆಎಣ್ಣೆ ಹಾಕುವ ಆಲಿಕೆ ಸಿಕ್ಕಿಸಿ, ಕಹಳೆಯಂತೆ ಮೂರ್ನಾಲ್ಕು ಸ್ವರ ಬರುತ್ತದೆ. ಅದನ್ನು ಶ್ರುತಿಗೆ ಹೋಲಿಸಿ ನೋಡಬೇಡಿ, ಹೊಂದುವುದಿಲ್ಲ.

ವಾದ್ಯಕ್ಕೆ ದಾಟಿಸುವುದು

ಪಂಚಮವನ್ನು ಬಝ್ ಮಾಡುತ್ತಲೇ, ನಿಲ್ಲಿಸದೆ, ಮೌತ್‌ಪೀಸನ್ನು ನಿಧಾನವಾಗಿ ಟ್ರಂಪೆಟ್ಟಿನ ಬಾಯಿಗೆ ಸೇರಿಸಿ. ಬೇರೊಬ್ಬರು ವಾದ್ಯ ಹಿಡಿದರೆ ಸುಲಭ. ಅದೇ ಪಂಚಮ ತುಂಬಿಕೊಂಡು ಹೊರಟರೆ ಬಝ್ ಸರಿಯಿದೆ. ಮೇಲಿನ ಷಡ್ಜಕ್ಕೆ ಹಾರಿದರೆ ತುಟಿ ಹಿಸುಕಿದ್ದೀರಿ, ಕೆಳಗಿನ ಷಡ್ಜಕ್ಕೆ ಬಿದ್ದರೆ ಗಾಳಿ ಸಾಲದು ಇಲ್ಲವೇ ಮೂಲೆಗಳು ಸಡಿಲ. ಇಷ್ಟಾದ ಮೇಲೆ ವಾದ್ಯದಲ್ಲಿ ಉದ್ದ ಸ್ವರಗಳಿಗೆ ಹೋಗಿ. ಮೌತ್‌ಪೀಸನ್ನು ಅಂಗೈಯಿಂದ ತಟ್ಟಿ ಕೂರಿಸಬೇಡಿ, ತುಸು ತಿರುಗಿಸಿದರೆ ಸಾಕು. ಸಿಕ್ಕಿಕೊಂಡದ್ದನ್ನು ಕಟಿಂಗ್ ಪ್ಲೇಯರ್ ಹಾಕಿ ಎಳೆದು ಕೊಳವೆಯನ್ನೇ ತಿರುಚಿದವರು ಬೇಕಾದಷ್ಟು ಜನ. ಅದನ್ನು ಬಿಡಿಸುವ ಪುಲ್ಲರ್ ವಾದ್ಯದ ಅಂಗಡಿಯವರ ಹತ್ತಿರ ಇರುತ್ತದೆ.

ಎಲ್ಲಿ ಕೆಡುತ್ತದೆ

ಬರಿ ಗಾಳಿ ಬಂದು ಸದ್ದು ಬಾರದಿದ್ದರೆ ತುಟಿಗಳ ನಡುವೆ ಸಂದು ಹೆಚ್ಚು, ಅಥವಾ ತುಟಿ ಒಣಗಿದೆ. "ಮ್"ನಿಂದ ಮತ್ತೆ ಶುರುಮಾಡಿ. ಕೀಚಲು ಸದ್ದು ಮಾತ್ರ ಬರುತ್ತಿದ್ದರೆ ಹಲ್ಲು ಕಚ್ಚಿದ್ದೀರಿ, ದವಡೆ ಇಳಿಸಿ. ಒಟ್ಟೊಟ್ಟಿಗೆ ಎರಡು ಸ್ವರ ಗೊರಗುಟ್ಟಿದರೆ ಎರಡು ತುಟಿಗಳು ಬೇರೆಬೇರೆ ಬಿಗಿಯಲ್ಲಿವೆ. ಹೆಚ್ಚಾಗಿ ಇದು ದಣಿವಿನ ಗುರುತು, ಅವತ್ತಿಗೆ ನಿಲ್ಲಿಸಿ. ಬಳೆಯ ಗುರುತು ಸಾಧನೆ ಮುಗಿದ ಮೇಲೂ ಬಹಳ ಹೊತ್ತು ಉಳಿದರೆ ಒತ್ತಡ ಜಾಸ್ತಿ. ತಲೆ ಸುತ್ತಿದರೆ ಕೂತು ಮಾಮೂಲಿ ಉಸಿರಾಡಿ. ತುಟಿ ಊದಿಕೊಂಡು ನೋಯುತ್ತಿದ್ದರೆ "ಊದಿ ಊದಿ ಸರಿಹೋಗುತ್ತದೆ" ಎಂಬ ಮಾತನ್ನು ನಂಬಬೇಡಿ. ಎರಡು ದಿನ ಬಿಡಿ, ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಬೈಕಿನ ಹಿಂದೆ ಕೂತು ಬಝ್ ಮಾಡುವ ಚಾಳಿ ಕೆಲವರಿಗಿದೆ. ಡ್ರೈವರ್ ಬ್ರೇಕ್ ಹಾಕಿದರೆ ಮುಂದಿನ ಹಲ್ಲು ಉಳಿಯುವುದಿಲ್ಲ.

ಹವೆ, ಸೀಸನ್ನು, ಎಲೆ ಅಡಿಕೆ

ಮಾರ್ಚ್‌ನಿಂದ ಕೋಲಾರ, ತುಮಕೂರು ಕಡೆಯ ಒಣಗಾಳಿಗೆ ತುಟಿ ಒಡೆಯುತ್ತದೆ. ರಾತ್ರಿ ಮಲಗುವಾಗ ತುಪ್ಪ ಹಚ್ಚಿ, ಬೆಳಿಗ್ಗೆ ತೊಳೆದುಕೊಳ್ಳಿ. ಊದುವ ಮುಂಚೆ ಹಚ್ಚಿದರೆ ಬಳೆ ಜಾರುತ್ತದೆ. ಡಿಸೆಂಬರ್‌, ಜನವರಿಯಲ್ಲಿ ನಂದಿಬೆಟ್ಟದ ಸುತ್ತ ಬೆಳಗಿನ ಚಳಿಗೆ ಮೌತ್‌ಪೀಸ್ ತಣ್ಣಗಿರುತ್ತದೆ, ಮುಷ್ಟಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ. ಛತ್ರದಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿ ನೇರವಾಗಿ ವಾದ್ಯ ಎತ್ತಬೇಡಿ. ಸುಣ್ಣ ತುಟಿಯ ತೆಳು ಚರ್ಮವನ್ನು ಸುಡುತ್ತದೆ, ಅಡಿಕೆ ಚೂರು ಮೌತ್‌ಪೀಸಿನ ಕಿರುತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬ್ಯಾಂಡಿನವರಿಗೆ ನಿಜವಾದ ತೊಂದರೆ ಆಷಾಢ. ಮದುವೆಗಳಿಲ್ಲ, ವಾದ್ಯ ಅಟ್ಟ ಸೇರುತ್ತದೆ. ಆಷಾಢ ಮುಗಿದು ಗಣೇಶ ಚೌತಿಗೆ ಇರುವುದು ಹೆಚ್ಚುಕಡಿಮೆ ಐದು ವಾರ, ಆಮೇಲೆ ವಿಸರ್ಜನೆಯ ಮೆರವಣಿಗೆಗಳಲ್ಲಿ ಗಂಟೆಗಟ್ಟಲೆ ಊದಬೇಕು. ಆಷಾಢದ ಆ ತಿಂಗಳು ವಾದ್ಯ ಮುಟ್ಟದಿದ್ದರೂ ಪರವಾಗಿಲ್ಲ, ಮೌತ್‌ಪೀಸ್ ಜೇಬಿನಲ್ಲಿರಲಿ, ದಿನಕ್ಕೆ 5 ನಿಮಿಷ ಪಂಚಮ ಮತ್ತು ಜಾರು. ಟ್ರಂಪೆಟ್ಟಿಗಿಂತ ಸದ್ದು ಬಹಳ ಕಡಿಮೆ, ವಠಾರದ ಮನೆಯಲ್ಲೂ ನಡೆಯುತ್ತದೆ. ಮೆರವಣಿಗೆ ದಿನ ಹೊರಡುವ ಮುಂಚೆ 3 ನಿಮಿಷಕ್ಕಿಂತ ಹೆಚ್ಚು ಬೇಡ, ಮುಗಿದ ಮೇಲೆ ಅರ್ಧ ನಿಮಿಷ ಸಡಿಲ ತುಟಿಯ "ಬ್ರ್ರ್" ಮಾಡಿ.

ಮೌತ್‌ಪೀಸನ್ನು ಪ್ರತಿದಿನ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗೇ ಒಣಗಲು ಬಿಟ್ಟರೆ ಒಳಗೆ ಬಿಳಿ ಪದರ ಕಟ್ಟಿ ತೂತು ಕಿರಿದಾಗುತ್ತದೆ. ಒಬ್ಬರದನ್ನು ಇನ್ನೊಬ್ಬರು ಊದಬೇಡಿ, ಊದಲೇಬೇಕಾದರೆ ಸೋಪಿನಲ್ಲಿ ತೊಳೆದ ಮೇಲೆ. ಹುಣಸೆಹಣ್ಣು, ಹಿತ್ತಾಳೆ ಪಾತ್ರೆ ಬೆಳಗುವ ಪುಡಿ ಹಾಕಿ ಉಜ್ಜಿದರೆ ಮೇಲಿನ ಬೆಳ್ಳಿಲೇಪ ಸವೆಯುತ್ತದೆ. ಬಳೆಯ ಮೇಲೆ ಹಿತ್ತಾಳೆಯ ಹಳದಿ ಕಾಣಿಸಿಕೊಂಡರೆ ತುಟಿಗೆ ತುರಿಕೆ, ಗುಳ್ಳೆ ಬರಬಹುದು, ಮರುಲೇಪ ಮಾಡಿಸಿ ಇಲ್ಲವೇ ಹೊಸದು ಕೊಳ್ಳಿ.